ಚರ್ಚ್‌ನ ಬಣ್ಣದ ಗಾಜಿನ ಕಿಟಕಿ ಉಬ್ಬಿದೆ. ತೆಗೆಸಬೇಕಾ, ರಿಪೇರಿ ಮಾಡಿಸಬೇಕಾ?

ಜಂಬಿಟ್ಟಿಗೆ (ಬೀದರ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮದು ಬೀದರ್ ಊರೊಳಗಿನ ಹಳೆಯ ಚರ್ಚ್. ಜಂಬಿಟ್ಟಿಗೆ ಗೋಡೆ, ಮೇಲೆ ಹಂಚು. ಆಲ್ಟರ್ ಹಿಂದಿನ ಗೋಡೆಯಲ್ಲಿ ಸಾಲಾಗಿ ಮೂರು ಕಿಟಕಿ. ನಡುವಿನದರಲ್ಲಿ ಮರಿಯನ್ನು ಹೆಗಲ ಮೇಲೆ ಹೊತ್ತ ಒಳ್ಳೆಯ ಕುರುಬ, ಅಂದರೆ ಯೇಸು. ಅಕ್ಕಪಕ್ಕದ ಎರಡರಲ್ಲಿ ಚಿತ್ರ ಇಲ್ಲ, ಬರೀ ಕೆಂಪು, ನೀಲಿ, ಹಸಿರು ಚೌಕಗಳು. ಸಂಡೇ ಸ್ಕೂಲ್ ದಿನಗಳಲ್ಲಿ ನಾನು ಪಾಠ ಕೇಳಿದ್ದು ಕಡಿಮೆ. ಆರಾಧನೆ ಶುರುವಾದಾಗ ಮೊದಲ ಬೆಂಚಿನ ಮೇಲಿರುವ ಕೆಂಪು ಚುಕ್ಕೆ, ಪ್ರಸಂಗ ಮುಗಿಯುವ ಹೊತ್ತಿಗೆ ಯಾರದೋ ಬಿಳಿ ಅಂಗಿಗೆ ಬಂದಿರುತ್ತಿತ್ತು. ಅದನ್ನೇ ನೋಡುತ್ತಾ ಕೂರುತ್ತಿದ್ದೆ.

ಈ ಸಲ ಮೇ ತಿಂಗಳ ಗಾಳಿ ಮಳೆಗೆ ನಡುವಿನ ಕಿಟಕಿಯಿಂದ ಎರಡು ತುಂಡು ಕೆಳಗೆ ಬಿದ್ದವು. ಪಕ್ಕದಲ್ಲಿ ನಿಂತು ನೋಡಿದರೆ ಕೆಳಗಿನ ಭಾಗ ಹೊಟ್ಟೆ ಬಂದ ಹಾಗೆ ಒಳಕ್ಕೆ ಉಬ್ಬಿದೆ. ಎರಡು ಬೆರಳಿನಷ್ಟು. ಅಲ್ಯೂಮಿನಿಯಂ ಕೆಲಸದವರೊಬ್ಬರನ್ನು ಕರೆಸಿದೆವು. ಅವರು ಹೇಳಿದ್ದು ಇಷ್ಟು: "ಎಲ್ಲ ತೆಗೆದು ಟಫನ್ ಗಾಜು ಹಾಕೋಣ. ಈಗಿರುವ ಚಿತ್ರದ ಫೋಟೋ ತೆಗೆದು ಸ್ಟಿಕರ್ ಪ್ರಿಂಟ್ ಹಚ್ಚಿಬಿಡೋಣ. ಎರಡು ದಿನದ ಕೆಲಸ. ಗೊತ್ತೇ ಆಗೋಲ್ಲ." ಕಮಿಟಿಯಲ್ಲಿ ಮುಕ್ಕಾಲು ಜನಕ್ಕೆ ಇದು ಒಪ್ಪಿಗೆ.

ನನಗೆ ಮಾತ್ರ ಆ "ಗೊತ್ತೇ ಆಗೋಲ್ಲ" ಅನ್ನುವ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಈ ಕೆಲಸ ಗೊತ್ತಿರುವವರು ಯಾರಾದರೂ ಇದ್ದೀರಾ?

ಕಲಬುರಗಿ_ಬಿಸಿಲು

ಅಣ್ಣಾ, ಸ್ಟಿಕರ್ ಮಾತ್ರ ಬೇಡ. ನಮ್ಮ ಅಂಗಡಿಯ ಬೋರ್ಡಿಗೆ ಹಚ್ಚಿಸಿದ್ದೆ. ಎರಡು ಬೇಸಿಗೆ ಕಳೆದಿಲ್ಲ, ಕೆಂಪು ಹೋಗಿ ಗುಲಾಬಿ ಆಯ್ತು, ಅಂಚು ಹಪ್ಪಳದ ಹಾಗೆ ಎದ್ದಿತು. ಬೀದರ್ ಬಿಸಿಲು ನಮ್ಮಷ್ಟು ಇಲ್ಲದಿರಬಹುದು, ಆದರೂ ಬಿಸಿಲು ಬಿಸಿಲೇ.

ಯಾದಗಿರಿ_ಟೀಚರ್

ಮೊದಲು ಒಂದು ಪ್ರಶ್ನೆ. ಆ ಬಣ್ಣ ಗಾಜಿನ ಒಳಗೇ ಇದೆಯೋ, ಮೇಲೆ ಬಳಿದದ್ದೋ? ಬಿದ್ದ ತುಂಡು ಇಟ್ಟಿದ್ದೀರಾ? ಅದರ ಒಡೆದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಅಡ್ಡ ನೋಡಿದಾಗಲೂ ಪೂರ್ತಿ ನೀಲಿ ಕಂಡರೆ ಗಾಜು ಕರಗಿದಾಗಲೇ ಬಣ್ಣ ಸೇರಿಸಿದ್ದಾರೆ ಅಂತ ಅರ್ಥ. ಅದಕ್ಕೆ ಬಿಸಿಲು ಏನೂ ಮಾಡೋಲ್ಲ.

ಜಂಬಿಟ್ಟಿಗೆ (ಬೀದರ್)

ಇಟ್ಟಿದ್ದೇನೆ ಟೀಚರ್, ಬಿಸ್ಕತ್ತಿನ ಡಬ್ಬಿಯಲ್ಲಿ. ಈಗಷ್ಟೇ ನೋಡಿದೆ. ನೀಲಿ ತುಂಡು ಅಂಚಿನವರೆಗೂ ನೀಲಿಯೇ. ಕೆಂಪು ಮಾತ್ರ ವಿಚಿತ್ರ. ಮೇಲೊಂದು ತೆಳು ಕೆಂಪು ಪದರ, ಉಳಿದದ್ದು ಸಾದಾ ಗಾಜು. ಅಂದರೆ ಕೆಂಪು ಮೋಸದ್ದಾ?

ಸೀಸದ_ಕೈ

ಮೋಸ ಅಲ್ಲ, ಅದೇ ಅಸಲಿ. ನಾನೂ ಬೀದರ್‌ನವನೇ. ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಊಟ ಮುಗಿಸಿ ಕೂತಿದ್ದೇನೆ, ಸಾವಕಾಶ ಬರೆಯುತ್ತೇನೆ.

ಕೆಂಪಿನ ವಿಷಯ ಮೊದಲು. ಗಾಜಿಗೆ ಬಣ್ಣ ಬರುವುದು ಲೋಹದಿಂದ. ಕೋಬಾಲ್ಟ್ ಹಾಕಿದರೆ ನೀಲಿ, ಮ್ಯಾಂಗನೀಸ್ ಹಾಕಿದರೆ ನೇರಳೆ. ತಾಮ್ರದಿಂದ ಹಸಿರೂ ಬರುತ್ತದೆ, ಕೆಂಪೂ ಬರುತ್ತದೆ. ಭಟ್ಟಿಯನ್ನು ಹೇಗೆ ನಡೆಸುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಆದರೆ ಈ ಕೆಂಪು ಬಹಳ ಗಾಢ. ಇಡೀ ಗಾಜು ಕೆಂಪು ಮಾಡಿದರೆ ಬೆಳಕೇ ದಾಟದೆ ಕಪ್ಪಾಗಿ ಕಾಣುತ್ತದೆ. ಅದಕ್ಕೇ ಸಾದಾ ಗಾಜಿನ ಮೇಲೆ ತೆಳ್ಳಗೆ ಕೆಂಪು ಗಾಜಿನ ಪದರ ಕೂಡಿಸುತ್ತಾರೆ. ಯುರೋಪಿನ ಹಳೆಯ ದೊಡ್ಡ ಚರ್ಚುಗಳಲ್ಲೂ ಇದೇ ರೀತಿ.

ಇನ್ನು ಕುರುಬನ ಮುಖ, ಗಡ್ಡ, ಬಟ್ಟೆಯ ಮಡಿಕೆ. ಇದು ಬೇರೆ ಕೆಲಸ. ಕಬ್ಬಿಣ ಅಥವಾ ತಾಮ್ರದ ಆಕ್ಸೈಡ್ ಜೊತೆ ನುಣ್ಣಗೆ ಅರೆದ ಗಾಜಿನ ಪುಡಿ ಕಲಸಿ, ಬ್ರಷ್‌ನಲ್ಲಿ ಬರೆದು, 600 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖದಲ್ಲಿ ಸುಡುತ್ತಾರೆ. ಆಗ ಗೆರೆ ಗಾಜಿಗೆ ಬೆಸೆದುಕೊಳ್ಳುತ್ತದೆ. ಸರಿಯಾಗಿ ಸುಟ್ಟಿದ್ದರೆ ನೂರಾರು ವರ್ಷ ಇರುತ್ತದೆ. ಅರೆಬರೆ ಸುಟ್ಟಿದ್ದರೆ ಒದ್ದೆ ಬಟ್ಟೆಗೇ ಬಂದುಬಿಡುತ್ತದೆ. ಆದ್ದರಿಂದ ಕೈ ಮುಗಿದು ಹೇಳುತ್ತೇನೆ, ಯಾರೂ ಅದನ್ನು ಸೋಪು ಹಾಕಿ ಉಜ್ಜಬೇಡಿ. ಕ್ರಿಸ್‌ಮಸ್‌ಗೆ ಕ್ಲೀನ್ ಮಾಡುವ ಹುಮ್ಮಸ್ಸಿನಲ್ಲಿ ಯೇಸು ಸ್ವಾಮಿಯ ಹುಬ್ಬು ಒರೆಸಿ ತೆಗೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ನಿಮ್ಮ ಹೊಟ್ಟೆ ಉಬ್ಬರ. ನಿಮ್ಮ ಗಾಜಿಗೆ ರೋಗ ಇಲ್ಲ, ಸೀಸಕ್ಕೆ ಇದೆ. ತುಂಡುಗಳನ್ನು ಹಿಡಿದಿರುವ ಪಟ್ಟಿ ಸೀಸದ್ದು. ಕತ್ತರಿಸಿ ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರವನ್ನು ಮಲಗಿಸಿದ ಹಾಗೆ ಇರುತ್ತದೆ. ಎರಡೂ ಕಡೆಯ ಸಂದಿಗೆ ಗಾಜು ಕೂರುತ್ತದೆ. ಪಟ್ಟಿ ಪಟ್ಟಿ ಸೇರುವ ಕಡೆ ತವರ-ಸೀಸದ ಬೆಸುಗೆ. ಸಂದಿಯೊಳಗೆ ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿಯ ಪುಟ್ಟಿ. ಹೌದು, ನಮ್ಮ ಅಗಸಿ ಹಿಂಡಿಯ ಅಗಸಿಯೇ. ಆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ, ಅದಕ್ಕೇ ಅದು.

ಸೀಸ ಮೆತ್ತನೆಯ ಲೋಹ. ಬಿಸಿಯಾದರೆ ಗಾಜಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಹಿಗ್ಗುತ್ತದೆ. ದಿನಾ ಹಿಗ್ಗು, ದಿನಾ ಕುಗ್ಗು. ನೂರು ವರ್ಷ ಹೀಗೇ ನಡೆದರೆ ಪಟ್ಟಿ ದಣಿಯುತ್ತದೆ, ಬೆಸುಗೆಯ ಹತ್ತಿರ ಸೀಳುತ್ತದೆ. ಪುಟ್ಟಿ ಒಣಗಿ ಉದುರುತ್ತದೆ. ಆಮೇಲೆ ಇಡೀ ಕಿಟಕಿ ತನ್ನ ಭಾರಕ್ಕೆ ತಾನೇ ಕುಸಿದು ಕೆಳಗಡೆ ಉಬ್ಬುತ್ತದೆ. ಕಿಟಕಿಗೆ ಅಡ್ಡಲಾಗಿ ಕಬ್ಬಿಣದ ಸರಳು ಇರಬೇಕು, ಅದಕ್ಕೆ ತಾಮ್ರದ ತಂತಿ ಕಟ್ಟಿರಬೇಕು. ಆ ತಂತಿ ಇದೆಯಾ, ಹರಿದಿದೆಯಾ ನೋಡಿ ಹೇಳಿ. ಎಲ್ಲ ಗುಟ್ಟು ಅಲ್ಲಿದೆ.

ಜಂಬಿಟ್ಟಿಗೆ (ಬೀದರ್)

ಟಾರ್ಚ್ ಹಾಕಿ ನೋಡಿ ಬಂದೆ. ಸರಳು ನಾಲ್ಕಿವೆ. ಕೆಳಗಿನ ಎರಡರಲ್ಲಿ ತಂತಿ ಒಂದೂ ಉಳಿದಿಲ್ಲ. ಸರಳಿಗೂ ಗಾಜಿಗೂ ನಡುವೆ ಗುಬ್ಬಿ ಗೂಡಿನ ಹುಲ್ಲು ಇತ್ತು. ಕಬ್ಬಿಣ ತುಕ್ಕು ಹಿಡಿದು ದಪ್ಪ ಆಗಿದೆ, ಅದು ಕೂತಿರುವ ಕಡೆ ಕಲ್ಲು ಸಿಡಿದಿದೆ.

ಕಮಿಟಿ_ಕಾಕಾ

ತಮ್ಮಾ, ನೀನು ಯಾರು ಅಂತ ನನಗೆ ಗೊತ್ತಾಯ್ತು. ಚರ್ಚ್ ವಿಷಯ ಇಲ್ಲಿ ಹಾಕುವ ಮುಂಚೆ ಮನೆಗೆ ಬಂದು ಒಂದು ಮಾತು ಹೇಳಬಹುದಿತ್ತು. ಇರಲಿ.

ನಾನು ಕಮಿಟಿಯವನೇ. ಎಲ್ಲರೂ ಓದುತ್ತಿದ್ದಾರೆ ಅಂದ ಮೇಲೆ ಲೆಕ್ಕವನ್ನೂ ಹೇಳುತ್ತೇನೆ. ನಮ್ಮ ಸಭೆಯಲ್ಲಿ ದೊಡ್ಡ ಸಂಬಳದವರು ಬೆರಳೆಣಿಕೆ. ಉಳಿದವರು ಕೂಲಿ, ಗೌಂಡಿ ಕೆಲಸ, ಆಸ್ಪತ್ರೆ ಆಯಾ ಕೆಲಸದವರು. ವಾರದ ಕಾಣಿಕೆಯಲ್ಲಿ ಕರೆಂಟ್ ಬಿಲ್ಲು, ಸಭಾಪಾಲಕರ ಸಂಬಳ ಹೋದರೆ ಉಳಿಯುವುದು ಅಷ್ಟಕ್ಕಷ್ಟೇ. ಮಳೆಗಾಲದಲ್ಲಿ ಆಲ್ಟರ್ ಪಕ್ಕ ಬಕೆಟ್ ಇಡುತ್ತೇವೆ. ಹಂಚು ಸೋರುತ್ತದೆ. ಜನ ನೆನೆಯುತ್ತಾ ಕೂತಿರುವಾಗ ಗಾಜಿಗೆ ದುಡ್ಡು ಸುರಿದರೆ ಯಾರು ಒಪ್ಪುತ್ತಾರೆ? ಅಂದ ಬೇಡ ಅಂತ ಅಲ್ಲ. ಮೊದಲು ತಲೆ ಮೇಲೆ ಸೂರು.

ಇನ್ನೊಂದು. ಬಿದ್ದ ತುಂಡು ಭಾನುವಾರ ಬಿದ್ದಿದ್ದರೆ? ಆ ಜಾಗದಲ್ಲಿ ಕ್ವಾಯರ್ ಮಕ್ಕಳು ನಿಲ್ಲುತ್ತಾರೆ.

ಸುಮ್ನೆ_ಓದುಗ

ಕಾಕಾ ಹೇಳಿದ್ದರಲ್ಲಿ ತಪ್ಪೇನಿದೆ?

ಸೀಸದ_ಕೈ

ಏನೂ ತಪ್ಪಿಲ್ಲ. ಕಾಕಾ, ನಿಮಗೆ ಆಶ್ಚರ್ಯ ಆಗಬಹುದು, ನಾನೂ ಅದನ್ನೇ ಹೇಳುವವನಿದ್ದೆ. ಹಂಚು ಮೊದಲು. ಕಿಟಕಿಯ ಮೇಲುಗಡೆ ನೀರು ಇಳಿಯುತ್ತಿದ್ದರೆ ಅದೇ ನೀರು ಗೋಡೆಯೊಳಗೆ ಹೋಗಿ ಆ ಸರಳುಗಳಿಗೆ ತುಕ್ಕು ಹಿಡಿಸಿದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಕಲ್ಲು ಸಿಡಿಯುತ್ತದೆ, ಹಿಡಿತ ಹೋಗುತ್ತದೆ. ನಾಳೆ ನಾನು ಕಿಟಕಿಯನ್ನು ಚಿನ್ನದ ಹಾಗೆ ಮಾಡಿಕೊಟ್ಟರೂ, ಮೇಲೆ ಸೋರುತ್ತಿದ್ದರೆ ಮತ್ತೆ ಹಾಳು.

ಅಂದರೆ ಹಂಚು ಬೇರೆ, ಕಿಟಕಿ ಬೇರೆ ಅಂತ ಲೆಕ್ಕ ಹಾಕಬೇಡಿ. ಎರಡೂ ಒಂದೇ ರೋಗ.

ಮಕ್ಕಳ ವಿಷಯಕ್ಕೆ: ಇವತ್ತೇ ಆ ಜಾಗದಲ್ಲಿ ನಿಲ್ಲುವುದನ್ನು ಬಿಡಿಸಿ. ಕಿಟಕಿಯ ಎರಡೂ ಬದಿಗೆ, ಗಾಜಿಗೆ ತಗುಲದ ಹಾಗೆ, ಚೌಕಟ್ಟಿಗೆ ಒಂದೊಂದು ತೆಳು ಪ್ಲೈವುಡ್ ಹಲಗೆ ನಿಲ್ಲಿಸಿ. ಉಬ್ಬಿದ್ದನ್ನು ಕೈಯಿಂದ ಒತ್ತಿ ಸರಿ ಮಾಡಲು ಯಾರೂ ಹೋಗಬೇಡಿ. ಹೋದರೆ ಒಂದೇ ಸಲಕ್ಕೆ ಹತ್ತು ತುಂಡು ಒಡೆಯುತ್ತದೆ.

ಬಿದ್ರಿ_ಮನೆ

ನನಗೆ ಚರ್ಚ್ ಗೊತ್ತಿಲ್ಲ, ಗಾಜೂ ಗೊತ್ತಿಲ್ಲ. ಆದರೆ ಸೀಸದ ಪಟ್ಟಿಯ ಮಾತು ಓದಿ ಕೈ ತಡೆಯಲಿಲ್ಲ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಬಿದ್ರಿ ಕೆಲಸ. ಸತು-ತಾಮ್ರದ ಮೇಲೆ ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಲ್ಲಿ ತಟ್ಟುತ್ತೇವೆ. ಅಂಟು ಇಲ್ಲ, ಬೆಸುಗೆ ಇಲ್ಲ. ಕೊರೆದ ಸಂದಿಯೇ ಹಿಡಿಯಬೇಕು. ನಿಮ್ಮ ಗಾಜೂ ಹಾಗೇ ಕೂತಿದೆ ಅಂತಾಯ್ತು. ಹಾಗಿದ್ದರೆ ಸಂದಿ ಸಡಿಲ ಆದಾಗ ಅಂಟು ಸುರಿಯುವುದು ಮೂರ್ಖತನ. ನಮ್ಮಲ್ಲೂ ಹಳೆಯ ಹುಕ್ಕಾ ತಂದುಕೊಟ್ಟು "ಬೆಳ್ಳಿ ಎದ್ದಿದೆ, ಫೆವಿಕ್ವಿಕ್ ಹಾಕಿದ್ದೆವು" ಅನ್ನುತ್ತಾರೆ. ಆ ಅಂಟು ಬಿಡಿಸುವುದರಲ್ಲೇ ಎರಡು ದಿನ ಹೋಗುತ್ತದೆ.

ಒಂದು ಕೇಳಬೇಕು. ಕುರುಬನ ತಲೆಯ ಸುತ್ತ ಹಳದಿ ಪ್ರಭೆ ಇದೆಯಾ? ಅದು ಯಾವ ಲೋಹ?

ಸೀಸದ_ಕೈ

ವಾಹ್, ಸರಿಯಾದವರೇ ಕೇಳಿದಿರಿ. ಅದು ಹೆಚ್ಚುಕಡಿಮೆ ನಿಮ್ಮದೇ ಬೆಳ್ಳಿ. ಬೆಳ್ಳಿಯ ಲವಣವನ್ನು ಗಾಜಿನ ಹಿಂಬದಿಗೆ ಹಚ್ಚಿ ಸುಟ್ಟರೆ ಬೆಳ್ಳಿ ಗಾಜಿನೊಳಕ್ಕೆ ಇಳಿದು ಹಳದಿ ಆಗುತ್ತದೆ. ತಿಳಿ ನಿಂಬೆಯಿಂದ ಹಿಡಿದು ಕಿತ್ತಳೆವರೆಗೆ. ಯುರೋಪಿನಲ್ಲಿ 14ನೇ ಶತಮಾನದ ಆರಂಭದಿಂದ ಇದು ರೂಢಿಗೆ ಬಂತು. ಅದಕ್ಕೆ ಮುಂಚೆ ಒಂದೊಂದು ಬಣ್ಣಕ್ಕೂ ಒಂದೊಂದು ತುಂಡು ಕತ್ತರಿಸಬೇಕಿತ್ತು. ಇದು ಬಂದ ಮೇಲೆ ಬಿಳಿ ಮುಖಕ್ಕೆ ಹಳದಿ ಕೂದಲನ್ನು ಅದೇ ತುಂಡಿನಲ್ಲಿ ಮಾಡಬಹುದಾಯ್ತು.

ನಿಮ್ಮ ಕೈಯಲ್ಲಿ ಬೆಳ್ಳಿ ಕಪ್ಪಿನ ಮೇಲೆ ಬಿಳಿಯಾಗಿ ಹೊಳೆಯುತ್ತದೆ, ನಮ್ಮ ಭಟ್ಟಿಯಲ್ಲಿ ಅರಿಶಿನ ಆಗುತ್ತದೆ.

ಬಿದ್ರಿ_ಮನೆ

ಇದನ್ನು ಅಬ್ಬಾಜಾನ್‌ಗೆ ಓದಿ ಹೇಳಿದೆ. ನಂಬುತ್ತಿಲ್ಲ. ತುಂಡು ತೋರಿಸಿದರೆ ನಂಬುತ್ತಾರಂತೆ.

ಯಾದಗಿರಿ_ಟೀಚರ್

ನಾನು ಸ್ವಲ್ಪ ಇತಿಹಾಸ ಹಾಕುತ್ತೇನೆ, ರಜೆಯಲ್ಲಿದ್ದೇನೆ, ಯಾರೂ ತಡೆಯುವವರಿಲ್ಲ.

ಬಣ್ಣದ ಗಾಜು ಅಂದ ಕೂಡಲೇ ನಾವು ಮೈಸೂರಿನ ಸಂತ ಫಿಲೋಮಿನಾ ಅಂತೇವೆ. ಆದರೆ ನಮ್ಮ ಭಾಗದವರಿಗೆ ಹತ್ತಿರದ್ದು ಈಗಿನ ತೆಲಂಗಾಣದ ಮೆದಕ್. ಬೀದರ್, ಕಲಬುರಗಿ, ಯಾದಗಿರಿ, ಮೆದಕ್ ಎಲ್ಲ ಆಗ ಒಂದೇ ನಿಜಾಮರ ಸೀಮೆ. ಚಾರ್ಲ್ಸ್ ವಾಕರ್ ಪಾಸ್ನೆಟ್ ಅನ್ನುವ ಮಿಷನರಿ ಅಲ್ಲಿ 1914ರಲ್ಲಿ ದೊಡ್ಡ ಚರ್ಚ್ ಕೆಲಸ ಶುರು ಮಾಡಿದರು. ಬರಗಾಲದಲ್ಲಿ ಜನಕ್ಕೆ ಕೆಲಸ ಕೊಟ್ಟು ಊಟ ಕೊಡುವುದು ಉದ್ದೇಶ. ಹತ್ತು ವರ್ಷ ನಡೆದು 1924ರ ಡಿಸೆಂಬರ್ 25ಕ್ಕೆ ಪ್ರತಿಷ್ಠೆ ಆಯ್ತು.

ಅಲ್ಲಿ ಮೂರು ದೊಡ್ಡ ಕಿಟಕಿ. ಆಲ್ಟರ್ ಹಿಂದೆ ಸ್ವರ್ಗಾರೋಹಣ, ಒಂದು ಪಕ್ಕ ಯೇಸುವಿನ ಜನನ, ಇನ್ನೊಂದು ಪಕ್ಕ ಶಿಲುಬೆ. ವಿನ್ಯಾಸ ಲಂಡನ್ನಿನ ಚಿತ್ರಕಾರ ಫ್ರಾಂಕ್ ಸ್ಯಾಲಿಸ್‌ಬರಿಯದು. ಮೂರೂ ಒಟ್ಟಿಗೆ ಬಂದಿದ್ದಲ್ಲ ನೋಡಿ. ಸ್ವರ್ಗಾರೋಹಣ 1927ರಲ್ಲಿ, ಜನನ 1947ರಲ್ಲಿ, ಶಿಲುಬೆ 1958ರಲ್ಲಿ. ಮೊದಲನೆಯದು ಕೂರಿಸಿದಾಗ ನಿಜಾಮರ ರಾಜ್ಯ, ಕೊನೆಯದು ಬಂದಾಗ ಆಂಧ್ರಪ್ರದೇಶ. ಮೂವತ್ತೊಂದು ವರ್ಷ ಕಾದು ಮುಗಿಸಿದರು.

ನಾನು ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬಸ್ಸು ಕೆಟ್ಟು ತಲುಪಿದ್ದು ಸಂಜೆ. ಹೊತ್ತು ಮುಳುಗಿದ ಮೇಲೆ ಒಳಗಿಂದ ನೋಡಿದರೆ ಕಿಟಕಿ ಕರೀ ಹಲಗೆ. ಒಬ್ಬ ಹುಡುಗ "ಟೀಚರ್, ಆಫ್ ಮಾಡಿದ್ದಾರೆ" ಅಂದ. ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಮತ್ತೆ ಹೋದೆವು. ಆ ಹುಡುಗ ಕಿಟಕಿ ನೋಡಲಿಲ್ಲ, ನೆಲ ನೋಡುತ್ತಾ ನಿಂತಿದ್ದ. ಜಂಬಿಟ್ಟಿಗೆ ಅವರ ಕೆಂಪು ಚುಕ್ಕೆ ಓದಿದಾಗ ಅವನೇ ನೆನಪಾದ.

ಬೆಂಗಳೂರಿನ ಸಂತ ಮೇರಿ ಬೆಸಿಲಿಕಾದಲ್ಲಿ ಪ್ಯಾರಿಸ್ ಗಾಜುಗಳನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಚ್ಚಿ ತೆಗೆದಿಟ್ಟು 1947ರಲ್ಲಿ ಮತ್ತೆ ಕೂರಿಸಿದರು. ಅಂದರೆ ಬಿಚ್ಚುವುದು, ಕೂರಿಸುವುದು ನಮ್ಮವರಿಗೂ ಹೊಸದಲ್ಲ.

ಕಲಬುರಗಿ_ಬಿಸಿಲು

ಟೀಚರ್, ಒಂದು ಡೌಟು. ಗಾಜು ನಿಜವಾಗಿ ದ್ರವ, ನಿಧಾನಕ್ಕೆ ಕೆಳಕ್ಕೆ ಹರಿಯುತ್ತದೆ, ಅದಕ್ಕೇ ಹಳೆಯ ಕಿಟಕಿ ಗಾಜು ಬುಡದಲ್ಲಿ ದಪ್ಪ ಅಂತ ಕಾಲೇಜಿನಲ್ಲಿ ಹೇಳಿದ್ದರು. ಉಬ್ಬಿದ್ದು ಅದಕ್ಕೇ ಇರಬಹುದಾ?

ಸೀಸದ_ಕೈ

ಅಯ್ಯೋ, ಇದು ನನ್ನನ್ನು ಸಾಯುವವರೆಗೂ ಬಿಡುವುದಿಲ್ಲ. ಗಾಜು ಹರಿಯುವುದಿಲ್ಲ ಮಾರಾಯರೇ. ಆಗಿನ ಕಾಲದಲ್ಲಿ ಬಾಯಿಂದ ಊದಿ ಹಾಳೆ ಮಾಡುತ್ತಿದ್ದರು, ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಬರುತ್ತಿತ್ತು. ದಪ್ಪ ಅಂಚು ಮೇಲಿರುವ ತುಂಡುಗಳೂ ಬೇಕಾದಷ್ಟು ಸಿಗುತ್ತವೆ. ಉಬ್ಬುವುದು ಸೀಸ, ಗಾಜು ಅಲ್ಲ.

ಕಲಬುರಗಿ_ಬಿಸಿಲು

ಸರಿ ಸರಿ. ನಮ್ಮ ಲೆಕ್ಚರರ್‌ಗೆ ಹೇಳುತ್ತೇನೆ. 😄

ಶಹಾಬಾದ್_ಕಲ್ಲು

ನನ್ನ ಅನುಭವ ಹೇಳುತ್ತೇನೆ, ಬುದ್ಧಿ ಬರಲಿ ಅಂತ. ನಮ್ಮ ಅಜ್ಜನ ವಾಡೆಯಲ್ಲಿ ಬಾಗಿಲ ಮೇಲೆ ಅರ್ಧ ಚಂದ್ರದ ಬಣ್ಣದ ಗಾಜಿತ್ತು. ಚರ್ಚ್ ಅಲ್ಲ, ಮನೆ. ಹುಡುಗರು ಕಲ್ಲು ಹೊಡೆಯುತ್ತಾರೆ ಅಂತ ಹೊರಗಡೆ ಪ್ಲಾಸ್ಟಿಕ್ ಶೀಟ್ ಹೊಡೆಸಿ, ಸುತ್ತ ಸಿಲಿಕಾನ್ ತುಂಬಿಸಿ ಗಾಳಿ ಆಡದ ಹಾಗೆ ಮುಚ್ಚಿಬಿಟ್ಟೆ. ಭದ್ರ ಆಯ್ತು ಅಂತ ಖುಷಿ. ಐದಾರು ವರ್ಷದಲ್ಲಿ ಶೀಟು ಹಳದಿ ತಿರುಗಿತು. ಒಳಗೆ ಬೆವರು ಹಿಡಿದು ನೀರು ನಿಂತಿತು. ಮರದ ಚೌಕಟ್ಟು ಮೆತ್ತಗಾಯ್ತು. ಒಂದು ದಿನ ಬಾಗಿಲು ಜೋರಾಗಿ ಹಾಕಿದಾಗ ಅರ್ಧ ಚಂದ್ರ ಪೂರ್ತಿ ಕೆಳಗೆ. ಅವ್ವ ಎರಡು ದಿನ ಮಾತಾಡಲಿಲ್ಲ. ಈಗ ಅಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ.

ಸೀಸದ_ಕೈ

ಇದನ್ನು ಎಲ್ಲ ಕಮಿಟಿಯವರೂ ಎರಡು ಸಲ ಓದಬೇಕು. ಹೊರಗಡೆ ರಕ್ಷಣೆಗೆ ಗಾಜು ಹಾಕುವುದು ತಪ್ಪಲ್ಲ, ಉಸಿರುಗಟ್ಟಿಸುವುದು ತಪ್ಪು. ನಡುವೆ ಎರಡು ಮೂರು ಇಂಚು ಜಾಗ, ಮೇಲೂ ಕೆಳಗೂ ಗಾಳಿಗೆ ಸಂದಿ, ಸಂದಿಗೆ ಹಲ್ಲಿ ಕಣಜ ಹೋಗದ ಹಾಗೆ ಸಣ್ಣ ಜಾಲರಿ.

ಇಂಗ್ಲೆಂಡಿನ ಯಾರ್ಕ್ ಮಿನ್‌ಸ್ಟರ್ ಅನ್ನುವ ಹಳೆಯ ದೊಡ್ಡ ಚರ್ಚಿನಲ್ಲೂ ಅದನ್ನೇ ಮಾಡಿದರು. ಅಲ್ಲಿನ ಪೂರ್ವ ದಿಕ್ಕಿನ ಕಿಟಕಿ ಹೆಚ್ಚುಕಡಿಮೆ ಟೆನಿಸ್ ಕೋರ್ಟಿನಷ್ಟು ದೊಡ್ಡದು. ಜಾನ್ ಥಾರ್ನ್‌ಟನ್ ಅನ್ನುವ ಕುಶಲಕರ್ಮಿ 1405ರಿಂದ 1408ರ ಒಳಗೆ ಮುಗಿಸಿದ. ಒಟ್ಟು ಕೂಲಿ 56 ಪೌಂಡ್, ಅದರಲ್ಲಿ 10 ಪೌಂಡ್ ಹೊತ್ತಿಗೆ ಸರಿಯಾಗಿ ಮುಗಿಸಿದ್ದಕ್ಕೆ ಬಕ್ಷೀಸು. ಈಗ ಅದರ 311 ಫಲಕಗಳನ್ನು ಬಿಚ್ಚಿ, ರಿಪೇರಿ ಮಾಡಿ, ಹೊರಗಡೆ ಗಾಳಿ ಆಡುವ ರಕ್ಷಣೆಯ ಗಾಜು ಹಾಕಿ 2018ರಲ್ಲಿ ಮುಗಿಸಿದರು. ಕಟ್ಟಲು ಮೂರು ವರ್ಷ, ರಿಪೇರಿಗೆ ಹತ್ತು ವರ್ಷ. ಬೀದರ್ ಕಮಿಟಿಯವರು ಗಾಬರಿ ಆಗಬೇಡಿ, ನಿಮ್ಮದು ಮೂರೇ ಕಿಟಕಿ.

ಕಮಿಟಿ_ಕಾಕಾ

ಬೆಂಗಳೂರು ತಮ್ಮಾ, ನೇರವಾಗಿ ಕೇಳುತ್ತೇನೆ. ಮೂರೂ ಒಟ್ಟಿಗೆ ಮಾಡಿಸುವ ತಾಕತ್ತು ನಮಗಿಲ್ಲ. ಒಂದೊಂದಾಗಿ ಆಗುತ್ತದಾ? ಈಗ ಮಾಡಲೇಬೇಕಾದದ್ದು ಎಷ್ಟು, ಕಾಯಬಹುದಾದದ್ದು ಎಷ್ಟು?

ಸೀಸದ_ಕೈ

ಆಗುತ್ತದೆ ಕಾಕಾ. ಮೆದಕ್‌ನವರು ಮೂವತ್ತೊಂದು ವರ್ಷ ಕಾದರು ಅಂತ ಟೀಚರ್ ಹೇಳಲಿಲ್ಲವೇ?

ಪಕ್ಕದ ಎರಡು ಕಿಟಕಿ ಉಬ್ಬಿಲ್ಲ ಅಂದರೆ ಅವನ್ನು ಮುಟ್ಟುವುದೇ ಬೇಡ. ತಂತಿ ಹೋದ ಕಡೆ ಹೊಸ ತಾಮ್ರದ ತಂತಿ ಕಟ್ಟಿಸಿ, ಪುಟ್ಟಿ ಉದುರಿದ ಕಡೆ ತುಂಬಿಸಿ. ಸಾಕು. ಎಷ್ಟು ಕಡಿಮೆ ಕೈ ಹಾಕುತ್ತೀರೋ ಅಷ್ಟು ಒಳ್ಳೆಯದು.

ನಡುವಿನದರಲ್ಲಿ ಬರೀ ಕೆಳಗಿನ ಎರಡು ಫಲಕ ಬಿಚ್ಚಬೇಕಾಗಬಹುದು. ಬಿಚ್ಚುವ ಮುಂಚೆ ಎರಡೂ ಬದಿಯಿಂದ ಫೋಟೋ. ಆಮೇಲೆ ಫಲಕವನ್ನು ಮೇಜಿನ ಮೇಲೆ ಮಲಗಿಸಿ, ತೆಳು ಕಾಗದ ಹಾಸಿ, ಮೇಣದ ಕಡ್ಡಿಯಿಂದ ಉಜ್ಜಿ ಸೀಸದ ಗೆರೆ ಮೂಡಿಸಿಕೊಳ್ಳಬೇಕು. ನಾವು ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅದೇ ಆಟ. ಆ ಕಾಗದವೇ ನಕ್ಷೆ. ಒಂದೊಂದು ತುಂಡಿಗೂ ನಂಬರು. ಒಡೆದ ತುಂಡನ್ನು ಎಸೆಯುವುದಿಲ್ಲ, ತಿಳಿ ಎಪಾಕ್ಸಿ ಅಂಟಿನಿಂದ ಅಂಚಿಗೆ ಅಂಚು ಕೂಡಿಸುತ್ತೇವೆ. ಹೊಸ ಸೀಸದ ಪಟ್ಟಿ ಹಳೆಯದರ ಅಗಲಕ್ಕೇ ಇರಬೇಕು. ಇಲ್ಲದಿದ್ದರೆ ಕುರುಬನ ಮುಖವೇ ಬೇರೆ ಆಗಿ ಕಾಣುತ್ತದೆ.

ಸೀಸ ವಿಷ ಅನ್ನುವುದು ಮರೆಯಬೇಡಿ. ಬಿಳಿ ಪುಡಿ ಕಂಡರೆ ಒಣ ಪೊರಕೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಕೈ ತೊಳೆಯದೆ ಚಹಾ ಕುಡಿಯಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ದಸರಾಕ್ಕೆ ಊರಿಗೆ ಬರುತ್ತೇನೆ. ನನ್ನ ಕೈಕೂಲಿ ಬೇಡ, ಸಾಮಾನಿನ ದುಡ್ಡು ಕೊಡಿ. ಅವ್ವ ಅದೇ ಚರ್ಚಿನ ಪಕ್ಕದ ಆಸ್ಪತ್ರೆಯಲ್ಲಿ ನನ್ನನ್ನು ಹೆತ್ತಿದ್ದು.

ಸುಮ್ನೆ_ಓದುಗ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಹಂಚಿಗೆ ನನ್ನದೂ ಸ್ವಲ್ಪ ಇರಲಿ ಕಾಕಾ. ಪರ್ಸನಲ್ ಮೆಸೇಜ್ ಹಾಕಿದ್ದೇನೆ, ನೋಡಿ.

ಜಂಬಿಟ್ಟಿಗೆ (ಬೀದರ್)

ತುಂಬಾ ದಿನ ಆಯ್ತು, ಕ್ಷಮಿಸಿ. ಏನೇನಾಯ್ತು ಹೇಳುತ್ತೇನೆ.

ಹಂಚಿನ ಕೆಲಸ ಮುಗಿದಿದೆ. ಸಭೆಯ ಗೌಂಡಿಗಳೇ ನಾಲ್ಕು ಶನಿವಾರ ಬಂದು ಮಾಡಿದರು. ಮೇಲೆ ಮಳೆನೀರು ಹರಿಯುವ ದೋಣಿಯಲ್ಲಿ ಅರಳಿ ಗಿಡ ಬೇರು ಬಿಟ್ಟಿತ್ತು. ನೀರು ಅದಕ್ಕೇ ಹಿಂದಕ್ಕೆ ತಿರುಗಿ ಕಿಟಕಿ ಕಡೆ ಇಳಿಯುತ್ತಿತ್ತು. ಆಮೇಲೆ ಬಿದ್ದ ಎರಡು ದೊಡ್ಡ ಮಳೆಗೂ ಬಕೆಟ್ ಖಾಲಿ.

ದಸರಾದಲ್ಲಿ ಸೀಸದ ಕೈ ಅಣ್ಣ ಬಂದು ಕೆಳಗಿನ ಎರಡು ಫಲಕ ಬಿಚ್ಚಿದರು. ಸಂಡೇ ಸ್ಕೂಲಿನ ಮೇಜಿನ ಮೇಲೆ ಮಲಗಿಸಿದೆವು. ಹತ್ತಿರದಿಂದ ನೋಡಿದ್ದು ಅದೇ ಮೊದಲು. ಹದಿನೈದು ಅಡಿ ಕೆಳಗಿಂದ ಒಂದೇ ಕಂದು ಮಚ್ಚೆ ಅನ್ನಿಸುತ್ತಿದ್ದ ಮರಿಯ ಕಿವಿಯೊಳಗೆ ಕೂದಲೆಳೆಯಂಥ ಏಳು ಗೆರೆ ಇವೆ. ಎಣಿಸಿದೆ. ಯಾರಿಗೂ ಕಾಣದ ಜಾಗದಲ್ಲಿ ಯಾರೋ ಕೂತು ಏಳು ಗೆರೆ ಬರೆದಿದ್ದಾರೆ. ಹತ್ತಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿ, ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ, ಆಮೇಲೆ ಉರುಳಿಸುತ್ತಾ ಹೋದರು. ಉಜ್ಜಲಿಲ್ಲ, ಉರುಳಿಸಿದರು. ಒಂದು ಅಂಗೈ ಅಗಲಕ್ಕೆ ಹತ್ತಿರ ಹತ್ತಿರ ಒಂದು ಗಂಟೆ. ಹತ್ತಿ ಕರ್ರಗಾಯ್ತು. ದೀಪದ ಹೊಗೆ, ಧೂಳು, ಪಾರಿವಾಳದ್ದು, ಎಲ್ಲ.

ಬಿದ್ರಿ ಮನೆಯವರ ಅಬ್ಬಾಜಾನ್ ಬಂದಿದ್ದರು. ಹಳದಿ ತುಂಡನ್ನು ಹಿಂದೆ ಮುಂದೆ ತಿರುಗಿಸಿ, ಉಗುರಿನಿಂದ ತಡವಿ, "ಹೌದು, ಒಳಗೆ ಕೂತಿದೆ" ಅಂದರು. ಆಮೇಲೆ ಬೆಸುಗೆ ಹಾಕುವಾಗ ಅವರೇ ಫಲಕ ಹಿಡಿದು ನಿಂತರು. ಮಧ್ಯಾಹ್ನ ಎಲ್ಲರಿಗೂ ಕಾಕಾ ಮನೆಯಿಂದ ರೊಟ್ಟಿ ಬಂತು. ಕೈ ತೊಳೆದುಕೊಂಡೇ ತಿಂದೆವು.

ಈಗ ಒಂದು ತಕರಾರು. ಕುರುಬನ ಪಾದದ ಹತ್ತಿರ ಒಂದು ನೀಲಿ ತುಂಡಿದೆ. ಉಳಿದ ನೀಲಿ ಆಳವಾಗಿದೆ, ಇದು ತೆಳು, ಯಾವುದೋ ಮನೆ ಬಾಗಿಲಿನ ಗಾಜಿನ ಹಾಗೆ ಹೂವಿನ ಅಚ್ಚು ಬೇರೆ ಇದೆ. ಸುತ್ತ ಸೀಸ ಇಲ್ಲ, ತವರದ ತಗಡು ಮಡಚಿ ಹಿಡಿಸಿದ್ದಾರೆ. ಇದನ್ನು ತೆಗೆದು ಸರಿಯಾದ ನೀಲಿ ಹಾಕಿಸಬೇಕು ಅಂತ ಕಮಿಟಿಯಲ್ಲಿ ಕೆಲವರು. ಅಣ್ಣ ಮಾತ್ರ ಬೇಡ ಅನ್ನುತ್ತಿದ್ದಾರೆ.

ಸೀಸದ_ಕೈ

ಬೇಡ ಅಂದಿದ್ದು ಯಾಕೆ ಅಂದರೆ, ಆ ತುಂಡು ಗಟ್ಟಿಯಾಗಿದೆ, ನೀರು ಬಿಡುತ್ತಿಲ್ಲ, ಪಕ್ಕದ ಗಾಜಿಗೆ ತೊಂದರೆ ಕೊಡುತ್ತಿಲ್ಲ. ಹಳೆಯ ರಿಪೇರಿ ಅನ್ನುವ ಒಂದೇ ಕಾರಣಕ್ಕೆ ಕೀಳಬಾರದು. ಅದೂ ಆ ಕಿಟಕಿಯ ಕತೆಯೇ. ತವರದ ತಗಡು ಮಡಚಿದ ಕೈ ಯಾರದೋ, ಆದರೆ ಅಚ್ಚುಕಟ್ಟು ಇದೆ.

ಕಮಿಟಿ_ಕಾಕಾ

ಯಾರದೋ ಅಲ್ಲ. ನಮ್ಮ ಅಪ್ಪನದು.

ನಾನು ಆರನೇ ಕ್ಲಾಸು. ಕಾಂಪೌಂಡಿನಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಹೊಡೆದದ್ದು ನಾನು, ಓಡಿದ್ದು ಎಲ್ಲರೂ. ಅಪ್ಪ ಡಬ್ಬಿ ರಿಪೇರಿ ಕೆಲಸ ಮಾಡುತ್ತಿದ್ದ. ನಮ್ಮ ಮನೆ ಕಿಟಕಿಯ ಗಾಜು ತೆಗೆದು, ಕತ್ತರಿಸಿ, ತಗಡಿನಿಂದ ಕೂರಿಸಿ ಬಂದ. ಆ ವರ್ಷ ಪೂರ್ತಿ ನಮ್ಮ ಮನೆ ಕಿಟಕಿಗೆ ರಟ್ಟು. ನನಗೆ ಎರಡು ಬಿಗಿದ, ಅದು ಬೇರೆ.

ಕಮಿಟಿಯಲ್ಲಿ ಇದುವರೆಗೂ ಹೇಳಿರಲಿಲ್ಲ. ಸ್ಟಿಕರ್‌ಗೆ ಮೊದಲು ಕೈ ಎತ್ತಿದವನೂ ನಾನೇ.

ಶಹಾಬಾದ್_ಕಲ್ಲು

ಕಾಕಾ, ಚೆಂಡು ಸಿಕ್ಕಿತಾ?

ಕಮಿಟಿ_ಕಾಕಾ

ಆಗಿನ ಪಾಸ್ಟರ್ ವಾಪಸ್ ಕೊಡಲಿಲ್ಲ.

ಜಂಬಿಟ್ಟಿಗೆ (ಬೀದರ್)

ಕಾಕಾ! ಹಾಗಿದ್ದರೆ ಆ ತುಂಡು ಅಲ್ಲೇ ಇರುತ್ತದೆ, ಅದರ ಮೇಲೆ ಚರ್ಚೆ ಇಲ್ಲ.

ಉಳಿದ ಕೆಲಸ: ಪುಟ್ಟಿ ಒಣಗಲು ಅಣ್ಣ ಮೂರು ವಾರ ಕೊಟ್ಟಿದ್ದರು, ಆ ಗಡುವು ಈ ಶುಕ್ರವಾರಕ್ಕೆ ಮುಗಿಯುತ್ತದೆ. ಶನಿವಾರ ಫಲಕ ವಾಪಸ್ ಕೂರಿಸಬೇಕು. ಸರಳು ಈ ಸಲ ತುಕ್ಕು ಹಿಡಿಯದ ಸ್ಟೀಲಿನವು, ಗೋಡೆಗೆ ಹೋಗುವ ತುದಿಯೂ ಸೇರಿ. ಹದಿನಾಲ್ಕು ಅಡಿಯ ಏಣಿ ಬೇಕು. ಬಾಡಿಗೆಗೆ ಕೇಳಿದರೆ ದಿನಕ್ಕೆ ಸಿಕ್ಕಾಪಟ್ಟೆ ಹೇಳುತ್ತಿದ್ದಾರೆ. ಬೀದರ್‌ನವರು ಯಾರ ಹತ್ತಿರವಾದರೂ ಇದೆಯಾ?

ಕಮಿಟಿ_ಕಾಕಾ

ನಮ್ಮ ಹಿತ್ತಲಲ್ಲಿ ಇದೆ. ಬಿದಿರಿಂದು, ಮೇಲಿನಿಂದ ಮೂರನೇ ಮೆಟ್ಟಿಲು ಅಲ್ಲಾಡುತ್ತದೆ, ಹಗ್ಗ ಕಟ್ಟಿಕೋ. ಇಬ್ಬರು ಬಂದು ಒಯ್ಯಿರಿ.